ಮಕ್ಕಳ ನಾಟಕದಲ್ಲಿ ಕೇರಿಯ ಮಕ್ಕಳಿಗೆ ಯಾವ ಪಾರ್ಟು?

ಏಪ್ರಿಲ್ ಬಂತೆಂದರೆ ಪತ್ರಿಕೆಗಳ ತುಂಬ ಮಕ್ಕಳ ಫೋಟೋ. ಮುಖಕ್ಕೆ ಬಣ್ಣ, ತಲೆಗೆ ರಟ್ಟಿನ ಕಿರೀಟ, ಕೆಳಗೆ ‘ಚಿಣ್ಣರ ಕಲರವ’ ಎಂದು ಒಂದು ಸಾಲು. ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳ, ನಟನದ ರಜಾಮಜಾ, ಬೆಂಗಳೂರಿನಲ್ಲಿ ಬಡಾವಣೆಗೊಂದು ಬೇಸಿಗೆ ಶಿಬಿರ. ಇವುಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಬಿ.ವಿ. ಕಾರಂತ, ಪ್ರೇಮಾ ಕಾರಂತರಂಥವರು ಮಕ್ಕಳನ್ನು ದೊಡ್ಡವರ ನಾಟಕದ ಕೊನೆಯ ಸಾಲಿನಿಂದ ಎಬ್ಬಿಸಿ ರಂಗದ ನಡುವೆ ನಿಲ್ಲಿಸಿದ್ದು ಸಣ್ಣ ಕೆಲಸವೇನಲ್ಲ. ಆದರೆ ವಿಮರ್ಶೆ ಅನ್ನುವುದೊಂದು ಇದ್ದರೆ ಅದು ಈ ಫೋಟೋದ ಮುಂದೆ ನಿಂತು ಎರಡು ಪ್ರಶ್ನೆ ಕೇಳಬೇಕು. ಫೋಟೋದಲ್ಲಿ ಇಲ್ಲದ ಮಕ್ಕಳು ಈ ಹೊತ್ತಿನಲ್ಲಿ ಎಲ್ಲಿದ್ದಾರೆ? ಫೋಟೋದಲ್ಲಿ ಕೇರಿಯ ಮಗುವೊಂದು ಇದ್ದರೆ ಅದಕ್ಕೆ ಕೊಟ್ಟಿರುವ ಪಾರ್ಟು ಯಾವುದು?

ಕನ್ನಡದಲ್ಲಿ ಕವಿತೆಗೆ ವಿಮರ್ಶೆ ಉಂಟು, ಕಾದಂಬರಿಗೆ ವಿಮರ್ಶೆ ಉಂಟು. ಮಕ್ಕಳ ನಾಟಕಕ್ಕೆ ಬರೀ ಚಪ್ಪಾಳೆ. ‘ಮಕ್ಕಳು ಎಷ್ಟು ಮುದ್ದಾಗಿ ಮಾಡಿದವು’ ಅಂದರೆ ಮುಗಿಯಿತು. ಮುದ್ದು ಅನ್ನುವ ಮಾತಿನ ಹಿಂದೆ ಅಡಗಿ ಕೂರುವ ಜಾತಿಯನ್ನು ಯಾರೂ ಮಾತಾಡಿಸುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾವು ಒಂದಷ್ಟು ಗೆಳೆಯರು ಬೇಸಿಗೆ ರಜೆಯಲ್ಲಿ ಮಕ್ಕಳ ನಾಟಕದ ಶಿಬಿರ ನಡೆಸುತ್ತಾ ಬಂದಿದ್ದೇವೆ. ನಿಂತು ಹೋಗಿದೆ, ಮತ್ತೆ ನಡೆದಿದೆ. ಅಲ್ಲಿ ಕಂಡದ್ದನ್ನು ಎದುರಿಗಿಟ್ಟುಕೊಂಡು, ಶಿಬಿರಗಳಲ್ಲಿ ಮತ್ತೆ ಮತ್ತೆ ಆಡಿಸುವ ಮೂರು ಕತೆಗಳನ್ನು ಓದುವುದು ಈ ಬರಹದ ಕೆಲಸ.

1

ಮೊದಲು ‘ಪಂಜರಶಾಲೆ’. ರವೀಂದ್ರನಾಥ ಠಾಕೂರರು 1918ರಲ್ಲಿ ಬಂಗಾಳಿಯಲ್ಲಿ ಬರೆದ ಗಿಳಿಯ ಕತೆಯನ್ನು ಹಿಡಿದು ಬಿ.ವಿ. ಕಾರಂತರು ಕಟ್ಟಿದ ಮಕ್ಕಳ ನಾಟಕ ಇದು. ರಾಜನಿಗೆ ಒಂದು ಗಿಳಿ. ಹಾಡುತ್ತೆ, ಹಾರುತ್ತೆ, ಆದರೆ ಶಾಸ್ತ್ರ ಬರದು. ವಿದ್ಯೆ ಕಲಿಸಿ ಅಂತ ಅಪ್ಪಣೆಯಾಗುತ್ತೆ. ಚಿನ್ನದ ಪಂಜರ ಬರುತ್ತೆ, ಪಂಡಿತರು ಬರುತ್ತಾರೆ, ನಕಲು ಬರೆಯುವವರು ಪುಸ್ತಕದ ಗುಡ್ಡೆ ಹಾಕುತ್ತಾರೆ, ಮೇಲ್ವಿಚಾರಕರ ಮನೆ ತುಂಬುತ್ತೆ. ಗಿಳಿಯ ಬಾಯಿಗೆ ಹಾಳೆ ತುರುಕಿ ತುರುಕಿ ಕೊನೆಗೆ ಗಿಳಿ ಸಾಯುತ್ತೆ.

ಶಾಲೆ ಎಂಬ ವ್ಯವಸ್ಥೆಯ ಮೇಲೆ ಇಷ್ಟು ಕಟುವಾದ ಟೀಕೆ ಮಕ್ಕಳ ರಂಗಭೂಮಿಯಲ್ಲಿ ಇನ್ನೊಂದು ಸಿಗುವುದು ಕಷ್ಟ. ಆದರೆ ಈ ನೋವು ಯಾರ ನೋವು? ಪುಸ್ತಕ ಹೆಚ್ಚಾಗಿ ಉಸಿರು ಕಟ್ಟಿದ ಮಗುವಿನದು. ಅಕ್ಷರ ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೇ ಹರಿದು ಬಂದು, ಈಗ ಭಾರವಾಗಿದೆ ಎಂದು ಗೊಣಗುವ ಮನೆಯ ಮಗುವಿನದು. ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಈ ಕತೆ ಹೇಳಿದಾಗ ಐದನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: “ಗಿಣಿಗೆ ಪುಸ್ತಕ ಪುಕ್ಸಟ್ಟೆ ಕೊಟ್ರಾ ಸಾ?” ಪಕ್ಕದಲ್ಲಿದ್ದವನು, “ಅಷ್ಟೊಂದ್ ಜನ ಮೇಷ್ಟ್ರು ಒಂದೇ ಗಿಣಿಗಾ?” ಅಂದ. ಆ ಹುಡುಗನ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಮೇಷ್ಟ್ರು. ಈ ಎರಡು ಪ್ರಶ್ನೆಗಳು ನಾಟಕದ ನಡುಬೆನ್ನಿಗೇ ತಾಗುತ್ತವೆ. ರಾಜ ತಾನಾಗಿ ಕರೆಸಿ ಓದಿಸಿದ ಗಿಳಿಯ ದುಃಖವನ್ನು, ಶಾಲೆಯ ಜಗಲಿಯ ಕೆಳಗೆ ನಿಲ್ಲಿಸಿದವರ ಮೊಮ್ಮಕ್ಕಳು ತಮ್ಮ ದುಃಖವೆಂದು ಅಳಬೇಕು ಎನ್ನುವುದು ಹೇಗೆ ನ್ಯಾಯ?

ಠಾಕೂರರಿಗಿಂತ ಅರವತ್ತಕ್ಕೂ ಹೆಚ್ಚು ವರ್ಷ ಮೊದಲೇ, 1855ರಲ್ಲಿ, ಜೋತಿರಾವ್ ಫುಲೆ ಮರಾಠಿಯಲ್ಲಿ ‘ತೃತೀಯ ರತ್ನ’ ಎಂಬ ನಾಟಕ ಬರೆದರು. ಅದೂ ವಿದ್ಯೆಯ ಬಗ್ಗೆಯೇ. ಬಸುರಿ ಹೆಂಗಸು, ಅವಳ ರೈತ ಗಂಡ, ಗ್ರಹದೋಷ ಹೇಳಿ ಅವರನ್ನು ಸುಲಿಯುವ ಜೋಯಿಸ. ಕೊನೆಗೆ ಗಂಡಹೆಂಡಿರಿಬ್ಬರೂ ಓದು ಕಲಿಯಲು ಹೊರಡುತ್ತಾರೆ. ದಕ್ಷಿಣಾ ಬಹುಮಾನ ಸಮಿತಿ ಆ ನಾಟಕವನ್ನು ಹಿಂದಕ್ಕೆ ತಳ್ಳಿತು. ಎರಡು ನಾಟಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಶಾಲೆ ಕೊಲ್ಲುತ್ತೆ, ಇನ್ನೊಂದರಲ್ಲಿ ಶಾಲೆ ಬದುಕಿಸುತ್ತೆ. ಎರಡೂ ಸುಳ್ಳಲ್ಲ. ಯಾವ ಮನೆಯ ಬಾಗಿಲಲ್ಲಿ ನಿಂತು ನೋಡುತ್ತೀರಿ ಎಂಬುದರ ಮೇಲೆ ಸತ್ಯ ಬದಲಾಗುತ್ತೆ. ಕನ್ನಡದ ಮಕ್ಕಳ ರಂಗಭೂಮಿ ಮೊದಲನೆಯ ಬಾಗಿಲನ್ನು ಚೆನ್ನಾಗಿ ಬಲ್ಲದು. ಎರಡನೆಯ ಬಾಗಿಲ ಬಳಿಗೆ ಅಪರೂಪಕ್ಕೂ ಬರುವುದಿಲ್ಲ.

ಹಾಗಂತ ‘ಪಂಜರಶಾಲೆ’ಯನ್ನು ಬಿಸಾಕಬೇಕೆ? ಬೇಡ. ಆ ಕತೆಯಲ್ಲಿ ನಮಗೆ ಬೇಕಾದ ಇನ್ನೊಂದು ತಿರುಳಿದೆ. ಗಿಳಿಯ ಹೆಸರಿನಲ್ಲಿ ಬಂದ ಹಣವೆಲ್ಲ ಪಂಜರಕ್ಕೆ ಹೋಗುತ್ತೆ. ಅಕ್ಕಸಾಲಿಗನಿಗೆ ಇನಾಮು, ಮೇಲ್ವಿಚಾರಕನಿಗೆ ಸಂಬಳ, ಗಿಳಿಗೆ ಕಾಳಿಲ್ಲ. ಎಷ್ಟು ಶಿಬಿರಗಳು ಹೀಗೇ ನಡೆಯುತ್ತಿಲ್ಲ! ಫ್ಲೆಕ್ಸು, ಶಾಮಿಯಾನ, ಟೀಶರ್ಟು, ಉದ್ಘಾಟನೆಗೆ ಬಂದವರಿಗೆ ಶಾಲು, ಹಾರ, ಏಲಕ್ಕಿ ಮಾಲೆ. ಮಗುವಿಗೆ ಒಂದು ಬಿಸ್ಕತ್ ಪೊಟ್ಟಣ, ಒಂದು ಸರ್ಟಿಫಿಕೇಟು. ನಮ್ಮ ಮಕ್ಕಳಿಗೆ ಈ ಭಾಗ ಬಿಡಿಸಿ ಹೇಳಬೇಕಾಗಲಿಲ್ಲ. ಮೇಲ್ವಿಚಾರಕನ ಪಾರ್ಟನ್ನು ಅವರು ರಸ್ತೆ ಕಂಟ್ರಾಕ್ಟರನ ಹಾಗೆ ಮಾಡಿದರು. ಜನ ಹೊಟ್ಟೆ ಹಿಡಿದು ನಕ್ಕರು. ಪಂಜರವನ್ನು ದಿನಾ ಬೆಳಿಗ್ಗೆ ಗುಡಿಸುವವಳು ಅಂತ ಮೂಲದಲ್ಲಿಲ್ಲದ ಒಂದು ಪಾತ್ರವನ್ನೂ ಅವರೇ ಹುಟ್ಟಿಸಿದರು. ಗಿಳಿಯ ಹತ್ತಿರ ಮನುಷ್ಯರ ಹಾಗೆ ಮಾತಾಡುವವಳು ಇಡೀ ನಾಟಕದಲ್ಲಿ ಅವಳೊಬ್ಬಳೇ.

2

ಎರಡನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷಿನಲ್ಲಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕಥನಕವನವನ್ನು ಅವರು ತುಂಗೆಯ ದಡಕ್ಕೆ ತಂದರು. ಆಮೇಲೆ ಅದು ಕರ್ನಾಟಕದ ಶಾಲೆ ಶಾಲೆಯಲ್ಲಿ ನಾಟಕವಾಯಿತು. ಇಲಿಯ ಪಾರ್ಟಿಗೆ ಎಷ್ಟು ಮಕ್ಕಳಾದರೂ ಸರಿ, ಮಾತು ಕಲಿಸುವ ಕಷ್ಟವಿಲ್ಲ ಎಂಬುದೂ ಅದರ ಜನಪ್ರಿಯತೆಗೆ ಒಂದು ಕಾರಣ.

ಸಾಮಾನ್ಯವಾಗಿ ಇದನ್ನು ಇಲಿಗಳ ಕತೆಯಾಗಿ ಆಡಿಸುತ್ತಾರೆ. ಕುಣಿತ, ಬಾಲ, ಮೀಸೆ, ನಗು. ನಮ್ಮ ಕಣ್ಣಿಗೆ ಇದು ಕೂಲಿಯ ಕತೆ. ಊರಿಗೆ ಕೇಡು ಬಂದಾಗ ಗೌಡ ಹಣ ಕೊಡುತ್ತೇನೆ ಎಂದು ಮಾತು ಕೊಡುತ್ತಾನೆ. ಕೆಲಸ ಮುಗಿದ ಮೇಲೆ ಕೊಡುವುದಿಲ್ಲ. ಕೆಲಸ ಮಾಡಿದವನು ಯಾರು? ಜೋಗಿ. ಕಿನ್ನರಿ ನುಡಿಸುತ್ತಾ ಊರೂರು ತಿರುಗುವ ಜೋಗಿಗಳು ನಮ್ಮ ನಾಡಿನ ಅಲೆಮಾರಿ ಜನ. ಊರ ಹೊರಗೆ ಗುಡಾರ ಹಾಕುವವರು. ಅವರ ವಿದ್ಯೆ ಬೇಕು, ಅವರ ಕೂಲಿ ಕೊಡಬಾರದು. ಇದಕ್ಕಿಂತ ಸರಳವಾಗಿ ಶೋಷಣೆ ಅಂದರೆ ಏನು ಎಂದು ಹತ್ತು ವರ್ಷದ ಮಗುವಿಗೆ ಹೇಳಲು ಬರುತ್ತದೆಯೇ? ಹಾಸನದ ಸುತ್ತ ಆಲೂಗಡ್ಡೆ ಅಗೆಯಲು ಹೋದ ಅವ್ವಂದಿರ ಮಕ್ಕಳಿಗೆ ಗೌಡ ದುಡ್ಡು ಎಣಿಸುವ ದೃಶ್ಯವನ್ನು ಕಲಿಸುವ ಅಗತ್ಯವೇ ಬೀಳಲಿಲ್ಲ. “ನಾಳೆ ಬಾ” ಅನ್ನುವ ಒಂದೇ ಮಾತನ್ನು ಹುಡುಗನೊಬ್ಬ ಏಳು ಥರ ಹೇಳಿ ತೋರಿಸಿದ. ಆ ಏಳು ‘ನಾಳೆ ಬಾ’ಗಳೇ ನಮ್ಮ ಪ್ರದರ್ಶನದಲ್ಲಿ ಒಂದು ದೃಶ್ಯವಾಯಿತು. ತುಂಗೆ ಅಲ್ಲಿ ಹೇಮಾವತಿಯಾದಳು, ಯಾರೂ ಹೇಳಿಕೊಡದೆಯೇ.

ಈ ಕತೆಯಲ್ಲಿ ಇನ್ನೊಂದು ಮಗು ಇದೆ. ಎಲ್ಲರೂ ಜೋಗಿಯ ಹಿಂದೆ ಹೋದಾಗ ನಡೆಯಲಾರದೆ ಹಿಂದೆ ಉಳಿದ ಕುಂಟ ಹುಡುಗ. ದೊಡ್ಡ ದೊಡ್ಡ ಪ್ರದರ್ಶನಗಳಲ್ಲಿ ಅವನು ಒಂದು ನಿಮಿಷ ಬಂದು ಹೋಗುತ್ತಾನೆ. ಆದರೆ ನಡೆದದ್ದನ್ನು ಹೇಳಲು ಉಳಿದವನು ಅವನೊಬ್ಬನೇ. ಹೊರಗುಳಿದವನೇ ಸಾಕ್ಷಿ. ಶಿಬಿರಕ್ಕೆ ಬರಲಾರದೆ ಹೊರಗೆ ಉಳಿದ ಮಕ್ಕಳ ಬಗ್ಗೆ ಯೋಚಿಸುವಾಗಲೆಲ್ಲ ಈ ಪಾತ್ರ ಕಾಡುತ್ತೆ. ಅವನ ಬಾಯಿಂದಲೇ ಇಡೀ ಕತೆ ಹೇಳಿಸುವ ನಾಟಕವನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು.

3

ಮೂರನೆಯದು ಏಕಲವ್ಯ. ಕುವೆಂಪು 1947ರಲ್ಲಿ ‘ಬೆರಳ್‌ಗೆ ಕೊರಳ್’ ಬರೆದರು. ಏಕಲವ್ಯನ ತಾಯಿಯನ್ನು ರಂಗಕ್ಕೆ ತಂದರು. ಬೆರಳು ಕೇಳಿದವನು ಮುಂದೆ ಕೊರಳು ತೆರಬೇಕಾದೀತು ಎಂಬ ನ್ಯಾಯವನ್ನು ಹೆಸರಿನಲ್ಲೇ ಇಟ್ಟರು. ಸಿದ್ಧಲಿಂಗಯ್ಯನವರೂ ‘ಏಕಲವ್ಯ’ ನಾಟಕ ಬರೆದರು. ಕೃತಿಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಪಾರ್ಟು ಹಂಚುವ ಕೈಯ ಬಗ್ಗೆ.

ಶಾಲೆಯ ವಾರ್ಷಿಕೋತ್ಸವ ಇರಲಿ, ಬೇಸಿಗೆ ಶಿಬಿರ ಇರಲಿ, ಏಕಲವ್ಯನ ಪಾರ್ಟಿಗೆ ಮೇಷ್ಟ್ರ ಕಣ್ಣು ಯಾವ ಬೆಂಚಿನ ಕಡೆ ಹೋಗುತ್ತೆ? ಕಪ್ಪಗಿರುವ, ಹಿಂದೆ ಕೂರುವ ಹುಡುಗನ ಕಡೆ. ‘ಸೂಟ್ ಆಗ್ತಾನೆ’ ಎನ್ನುವುದು ಕಾರಣ. ಅರ್ಜುನನಿಗೆ ಸೂಟ್ ಆಗುವವನು ಇನ್ನೊಂದು ಬೀದಿಯವನು. ಹೀಗೆ ನಾಟಕ ಜಾತಿಯ ವಿರುದ್ಧ ಮಾತಾಡುತ್ತಿರುವಾಗಲೇ ಪಾರ್ಟು ಹಂಚಿಕೆ ಜಾತಿಯನ್ನು ಖಾಯಂ ಮಾಡುತ್ತೆ. ನಾಟಕ ಮುಗಿದ ಮಾರನೆಯ ದಿನದಿಂದ ಆ ಹುಡುಗನಿಗೆ ಬೇಡ ಎಂಬ ಅಡ್ಡಹೆಸರು ಅಂಟಿಕೊಳ್ಳುತ್ತೆ. ಅರ್ಜುನ ಆದವನಿಗೆ ಯಾವ ಅಡ್ಡಹೆಸರೂ ಇಲ್ಲ, ಅವನು ಬರೀ ಹೀರೋ.

ಇದು ನಮ್ಮ ಹಳ್ಳಿಯ ರಂಗಭೂಮಿಯ ಹಳೆಯ ರೋಗ. ಹಾಸನ, ಮಂಡ್ಯ, ತುಮಕೂರು ಸೀಮೆಯಲ್ಲಿ ‘ಕುರುಕ್ಷೇತ್ರ’ ಆಡಿಸದ ಊರು ಕಮ್ಮಿ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ಸೀನರಿ, ಡ್ರೆಸ್ಸು ಬಾಡಿಗೆಗೆ ಬರುತ್ತೆ. ದುರ್ಯೋಧನನ ಪಾರ್ಟಿಗೆ ಇಷ್ಟು, ಕೃಷ್ಣನ ಪಾರ್ಟಿಗೆ ಇಷ್ಟು ಎಂದು ಪಾರ್ಟಿಗೆ ದುಡ್ಡು. ಜಾಸ್ತಿ ಕೊಟ್ಟವನಿಗೆ ದೊಡ್ಡ ಗದೆ. ಹೊಲ ಇದ್ದವನು ರಾಜ, ಇಲ್ಲದವನು ಸೀನಿನ ಹಗ್ಗ ಎಳೆಯುವವನು. ದುಡ್ಡು ಕೂಡಿಸಿಕೊಂಡು ಕೇರಿಯವರು ತಮ್ಮದೇ ನಾಟಕ ಕಟ್ಟಿ ಭೀಮ, ಕರ್ಣ ಆಗಿ ಮೆರೆದದ್ದೂ ಉಂಟು. ಅದನ್ನು ಮೂಢರ ಆಟ ಎಂದು ಮೂಗು ಮುರಿಯುವ ವಿಚಾರವಾದಿಗಳು ಒಂದನ್ನು ಮರೆಯುತ್ತಾರೆ: ಒಂದು ರಾತ್ರಿಯ ಮಟ್ಟಿಗಾದರೂ ಕಿರೀಟ ತಲೆ ಬದಲಿಸಿತು.

ಮಕ್ಕಳ ಶಿಬಿರದಲ್ಲಿ ನಾವು ಮಾಡಿದ್ದು ಅದನ್ನೇ. ಅರಕಲಗೂಡು ತಾಲ್ಲೂಕಿನ ಒಂದು ಊರಿನಲ್ಲಿ ಊರ ಮುಂದಿನ ಬೀದಿಯ ಹುಡುಗ ಏಕಲವ್ಯನಾದ, ಕೇರಿಯ ಹುಡುಗಿ ದ್ರೋಣನಾದಳು. ಬೆರಳು ಕೇಳುವ ದೃಶ್ಯದಲ್ಲಿ ಆ ಹುಡುಗಿ ಎರಡು ದಿನ ಬಾಯೇ ಬಿಡಲಿಲ್ಲ. “ಅಷ್ಟ್ ಚೆನ್ನಾಗಿ ಬಾಣ ಬಿಡೋನ ಬೆರಳ್ನ ಎಂಗ್ ಕೇಳ್ಲಿ?” ಅಂದಳು. ಹುಡುಗನ ಮನೆಯಿಂದ ಬೇರೆ ದೂರು ಬಂತು. ಅವನ ದೊಡ್ಡಪ್ಪ ಬಂದು, “ನಮ್ಮುಡ್ಗನ್ ಕೈಲಿ ಯಾಕ್ರೀ ಬೆರಳು ಕೊಡುಸ್ತೀರಿ, ಬೇರೆ ಯಾರೂ ಇರ್ನಿಲ್ವ?” ಎಂದು ಕೇಳಿದರು. ಈ ‘ಬೇರೆ ಯಾರೂ’ ಅಂದರೆ ಯಾರು ಅಂತ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಆ ಹುಡುಗ ಹಟ ಮಾಡಿ ಪಾರ್ಟು ಉಳಿಸಿಕೊಂಡ. ಎಷ್ಟೋ ವಿಮರ್ಶಾ ಸಂಕಲನಗಳು ಎತ್ತದ ಪ್ರಶ್ನೆಯನ್ನು ಆ ದೊಡ್ಡಪ್ಪ ಒಂದು ವಾಕ್ಯದಲ್ಲಿ ಎತ್ತಿದ್ದರು. ಬೆರಳು ಕಳೆದುಕೊಳ್ಳುವುದು ಯಾರ ಮನೆಯ ಸಹಜ ಕರ್ಮ?

4

ಇನ್ನು ಅಡ್ಡಿಗಳ ಮಾತು. ಶಿಬಿರದ ಕಷ್ಟಗಳನ್ನು ಪಟ್ಟಿ ಮಾಡಿ ಅಯ್ಯೋ ಅನ್ನಿಸಿಕೊಳ್ಳುವುದು ನನ್ನ ಉದ್ದೇಶವಲ್ಲ. ಪ್ರತಿಯೊಂದು ಅಡ್ಡಿಯೂ ಈಗಿರುವ ಮಕ್ಕಳ ರಂಗಭೂಮಿಯ ರೂಪದ ಮೇಲೆ ಒಂದು ಟೀಕೆ ಎಂಬುದನ್ನು ತೋರಿಸಬೇಕಾಗಿದೆ.

ಮೊದಲ ಅಡ್ಡಿ ಜಾಗ. ದೇವಸ್ಥಾನದ ಅಂಗಳದಲ್ಲಿ ತಾಲೀಮು ಇಟ್ಟರೆ ಕೇರಿಯ ಮಕ್ಕಳು ಮೆಟ್ಟಿಲ ಕೆಳಗೆ ನಿಲ್ಲುತ್ತವೆ. ಅಂಬೇಡ್ಕರ್ ಭವನದಲ್ಲಿ ಇಟ್ಟರೆ ಊರ ಮಕ್ಕಳನ್ನು ಕಳಿಸುವುದಿಲ್ಲ. ಉಳಿಯುವುದು ಸರ್ಕಾರಿ ಶಾಲೆ ಒಂದೇ. ಅದರ ಬೀಗದ ಕೈ ರಜೆಯಲ್ಲಿ ಯಾರ ಸೊಂಟದಲ್ಲಿದೆ ಎಂದು ಹುಡುಕುವುದಕ್ಕೇ ಎರಡು ದಿನ. 2023ರ ಮೇ 10ಕ್ಕೆ ವಿಧಾನಸಭೆ ಚುನಾವಣೆ, 2024ರ ಏಪ್ರಿಲ್ 26ಕ್ಕೆ ಹಾಸನದಲ್ಲಿ ಲೋಕಸಭೆ ಮತದಾನ. ಶಾಲೆ ಮತಗಟ್ಟೆಯಾಗುತ್ತೆ, ಸಹಾಯಕ್ಕೆ ನಿಲ್ಲುವ ಮೇಷ್ಟ್ರು ಡ್ಯೂಟಿಗೆ ಹೋಗುತ್ತಾರೆ. 2020, 2021ರ ಎರಡು ಬೇಸಿಗೆಗಳನ್ನು ಕೊರೋನಾ ನುಂಗಿತ್ತು. ಆಗ ಪಟ್ಟಣದ ಶಿಬಿರಗಳು ಮೊಬೈಲಿಗೆ ಏರಿದವು. ಮೊಬೈಲೇ ಇಲ್ಲದ ಮನೆಗೆ ಶಿಬಿರ ಏರಿ ಬರಲಿಲ್ಲ.

ಎರಡನೆಯ ಅಡ್ಡಿ ರಜೆ ಎಂಬ ಸುಳ್ಳು. ಪಟ್ಟಣದ ಮಗುವಿಗೆ ಏಪ್ರಿಲ್, ಮೇ ರಜೆ. ಅರಕಲಗೂಡು, ರಾಮನಾಥಪುರ, ಕೊಣನೂರಿನ ಕಡೆ ಅದು ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕುವ, ಸಸಿ ಕಿತ್ತು ನೆಡುವ ಕಾಲ. ಹಾಸನದ ಕಡೆ ಮೇ ತಿಂಗಳ ಮಳೆ ಬಿದ್ದರೆ ಆಲೂಗಡ್ಡೆ ಬಿತ್ತನೆ. ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕಾಯಿ ಆಯುವ ಕೆಲಸ. ದೊಡ್ಡವರು ಸಕಲೇಶಪುರದ ಕಡೆ ಕಾಫಿ ತೋಟಕ್ಕೋ ಬೆಂಗಳೂರಿನ ಗಾರೆ ಕೆಲಸಕ್ಕೋ ಹೋದರೆ ಚಿಕ್ಕ ಮಗುವನ್ನು ಎತ್ತಿಕೊಳ್ಳುವುದು ಅಕ್ಕನ ಪಾಲು. “ಯಾಕ್ಲಾ ನೆನ್ನೆ ಬರ್ನಿಲ್ಲ?” ಅಂದರೆ, “ಮಡಿಗೆ ನೀರಾಕಕ್ಕೋಗಿದ್ದೆ ಸಾ.” ಇದು ದಿನನಿತ್ಯದ ಹಾಜರಿ.

ಮೂರನೆಯದು ಅನ್ನ. ಬರ ಬಿದ್ದ 2024ರಲ್ಲಿ ಸರ್ಕಾರ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಿಸಿತು. ಬೇರೆ ವರ್ಷಗಳಲ್ಲಿ ಮಧ್ಯಾಹ್ನದ ಊಟ ಶಾಲೆಯ ಜೊತೆಗೇ ಬಂದ್. ಹಸಿದ ಮಗುವಿನಿಂದ ಕುಣಿಸುವುದು ಪಾಪ ಎಂದು ನಾವೇ ಉಪ್ಪಿಟ್ಟು ಮಾಡಿಸಿದೆವು. “ಅಡುಗೆ ಯಾರ್ ಮಾಡ್ತಾರೆ?” ಎಂಬ ಪ್ರಶ್ನೆ ಮೂರನೇ ದಿನಕ್ಕೇ ಬಂತು. ಮಾಡುವವರನ್ನು ಬದಲಿಸಲಿಲ್ಲ. ಕೆಲವು ಮಕ್ಕಳು ನಿಂತುಹೋದವು. ಅವುಗಳಲ್ಲಿ ಮೂರು ಮಕ್ಕಳು ನಾಟಕದ ಸೆಳೆತ ತಡೆಯಲಾರದೆ ವಾಪಸ್ ಬಂದು, ಮನೆಯಲ್ಲಿ ಹೇಳದೆ ಉಪ್ಪಿಟ್ಟೂ ತಿಂದವು. ಉಳಿದವು ಬರಲೇ ಇಲ್ಲ. ಎಲ್ಲವೂ ಸುಖಾಂತವಾಯಿತು ಎಂದು ಬರೆಯುವುದು ವರದಿಗಾರರ ಕೆಲಸ.

ನಾಲ್ಕನೆಯದು ಹೆಣ್ಣುಮಕ್ಕಳ ಹೊತ್ತು. ದೀಪ ಹಚ್ಚುವ ಹೊತ್ತಿಗೆ ಹುಡುಗಿಯರು ಮನೆಯಲ್ಲಿರಬೇಕು. ದೊಡ್ಡವಳಾದ ಹುಡುಗಿಯನ್ನು ಮಾರನೆಯ ದಿನದಿಂದ ಕಳಿಸುವುದಿಲ್ಲ. ಹದಿನೈದು ದಿನ ಕಲಿತ ಪಾರ್ಟು ಅವಳ ಜೊತೆಗೇ ಮೂಲೆಗೆ ಕೂರುತ್ತೆ.

ಇಷ್ಟೂ ಅಡ್ಡಿಗಳನ್ನು ಕೂಡಿಸಿ ನೋಡಿದರೆ ಒಂದು ಸತ್ಯ ಕಾಣುತ್ತೆ. ಇಪ್ಪತ್ತು ಇಪ್ಪತ್ತೈದು ದಿನ ಒಂದೇ ಮಗು ಒಂದೇ ಪಾರ್ಟಿಗೆ ತಪ್ಪದೆ ಬರಬೇಕು, ಸಂಜೆ ಲೈಟು ಹಾಕಿ ಆಡಬೇಕು ಎನ್ನುವ ನಾಟಕದ ರೂಪವೇ ಉಳ್ಳವರ ಮನೆಯ ಗಡಿಯಾರಕ್ಕೆ ಹೊಲಿದ ಅಂಗಿ. ಅದು ನಮ್ಮ ಮಕ್ಕಳ ಮೈಗೆ ಆಗದಿದ್ದರೆ ಮಕ್ಕಳನ್ನು ‘ಶಿಸ್ತಿಲ್ಲ’ ಅನ್ನುವುದು ಅನ್ಯಾಯ. ಅಂಗಿಯನ್ನೇ ಬಿಚ್ಚಿ ಬೇರೆ ಹೊಲಿಯಬೇಕು.

ಹಾಗೆ ಹೊಲಿದ ರೂಪ ಇದು. ಯಾವ ಪಾರ್ಟೂ ಯಾರ ಸ್ವಂತ ಆಸ್ತಿಯಲ್ಲ. ಪ್ರತಿ ಪಾರ್ಟನ್ನೂ ಮೂರು ಮಕ್ಕಳು ಬಲ್ಲರು. ಒಬ್ಬ ಸಸಿಮಡಿಗೆ ಹೋದರೆ ಇನ್ನೊಬ್ಬ ಟವಲ್ಲು ಹೆಗಲಿಗೆ ಹಾಕಿ ಅದೇ ಗೌಡನಾಗುತ್ತಾನೆ. ಟವಲ್ಲೇ ಗೌಡ, ಕೋಲೇ ದ್ರೋಣ. ಬರೆದ ಮಾತಿಲ್ಲ, ದೃಶ್ಯದ ಎಲುಬು ಮಾತ್ರ ನಿಗದಿ. ಮಾತು ಮಕ್ಕಳದೇ, ಊರಿನ ಮಾತೇ. ಪ್ರದರ್ಶನ ಸಂಜೆ ಐದಕ್ಕೆ ಬಿಸಿಲಿನಲ್ಲೇ, ಮೈಕಿಲ್ಲ, ಸೀನರಿ ಇಲ್ಲ. ಬ್ರೆಜಿಲ್ ದೇಶದ ಅಗಸ್ಟೊ ಬೋಲ್ 1960ರ ದಶಕದಲ್ಲಿ ಒಂದೇ ಪಾತ್ರವನ್ನು ಹಲವು ನಟರು ಹಂಚಿಕೊಂಡು ಆಡುವ ಕ್ರಮ ಕಟ್ಟಿದರು. ಅವರು ಸಿದ್ಧಾಂತದ ದಾರಿಯಿಂದ ಅಲ್ಲಿಗೆ ಹೋದರು. ನಾವು ಹೊಗೆಸೊಪ್ಪಿನ ಮಡಿಯ ದಾರಿಯಿಂದ ಹೋದೆವು. ‘ಕುರುಕ್ಷೇತ್ರ’ದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಪಾರ್ಟು ಇಲ್ಲಿ ಕೈಯಿಂದ ಕೈಗೆ ಹೋಯಿತು. ಒಬ್ಬನೇ ಹೀರೋ ಆಗುವ, ಒಬ್ಬನಿಗೇ ಅಡ್ಡಹೆಸರು ಅಂಟುವ ರೋಗಕ್ಕೂ ಇದೇ ಮದ್ದಾಯಿತು.

5

ಈ ರೂಪದಲ್ಲಿ ನಾವು ಹೊಸದಾಗಿ ಕಟ್ಟಿದ ನಾಟಕ ಒಂದು ಪ್ರಯಾಣದ್ದು. ಬಾಬಾಸಾಹೇಬ್ ಅಂಬೇಡ್ಕರರು ‘ವೀಸಾಗಾಗಿ ಕಾಯುತ್ತಾ’ ಎಂಬ ಆತ್ಮಕಥನದ ತುಣುಕುಗಳಲ್ಲಿ 1901ರ ಒಂದು ಘಟನೆ ಬರೆದಿದ್ದಾರೆ. ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರು ಸ್ಟೇಶನ್ನಿನಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಒಳ್ಳೆಯ ಬಟ್ಟೆ ನೋಡಿ ಮಾತಾಡಿಸಿದ ಸ್ಟೇಶನ್ ಮಾಸ್ತರನ ಮುಖ, ಮಹಾರರು ಎಂದು ಗೊತ್ತಾದ ಕೂಡಲೇ ಬದಲಾಗುತ್ತೆ. ಯಾವ ಗಾಡಿಯವನೂ ಒಪ್ಪುವುದಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪುತ್ತಾನೆ. ಗಾಡಿ ಹೊಡೆಯಬೇಕಾದವರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ನೀರಿಲ್ಲ. ರಾತ್ರಿಯೆಲ್ಲ ನೀರಿಲ್ಲ.

ಹೊಳೆನರಸೀಪುರದ ಮಕ್ಕಳಿಗೆ ಸ್ಟೇಶನ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ಮೈಸೂರಿನಿಂದ ಹಾಸನ, ಅರಸೀಕೆರೆಗೆ ಹೋಗುವ ರೈಲು ಅವರ ಊರಲ್ಲೇ ನಿಲ್ಲುತ್ತೆ. ಭೀಮನ ಪಾರ್ಟನ್ನು ಮೂರು ಬೀದಿಯ ಮೂರು ಮಕ್ಕಳು ಸರದಿಯಲ್ಲಿ ಮಾಡಿದರು. ಸ್ಟೇಶನ್ ಮಾಸ್ತರ ಮುಖ ಬದಲಿಸುವ ಗಳಿಗೆಯನ್ನು ಯಾರ ಮುಂದೆ ಯಾರು ಅಭ್ಯಾಸ ಮಾಡುವುದು ಎಂಬುದೇ ದೊಡ್ಡ ಪಾಠವಾಯಿತು. ಊರ ಬೀದಿಯ ಹುಡುಗ ಭೀಮನಾಗಿ ನಿಂತು ಆ ಮುಖವನ್ನು ಮೊದಲ ಸಲ ಎದುರಿಗೆ ನೋಡಿದ. “ಇಂಗ್ ನೋಡ್ಬೇಡ ಕಣ್ಲಾ” ಅಂದುಬಿಟ್ಟ. ಅದು ನಾಟಕದ ಮಾತಲ್ಲ. ಮಕ್ಕಳು ಅದನ್ನು ನಾಟಕದಲ್ಲೇ ಇಟ್ಟುಕೊಂಡರು.

ಪ್ರದರ್ಶನ ಮುಗಿದ ಮೇಲೆ ಒಬ್ಬ ಯಜಮಾನರು ಬಂದು, “ಹಳೇದ್ನೆಲ್ಲ ಯಾಕಪ್ಪ ಕೆದಕ್ತೀರಿ, ಈಗೆಲ್ಲೈತೆ ಅದೆಲ್ಲ” ಅಂದರು. ಹಳೆಯದೆ? ಇದೇ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ 2015ರಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಗೆ ಕಾಲಿಟ್ಟರೆಂದು ದಂಡ ಹಾಕಿದ ಸುದ್ದಿಯನ್ನು ನಾಡೆಲ್ಲ ಓದಿದೆ. ನಾಟಕದಲ್ಲಿದ್ದ ದೊಡ್ಡ ಮಕ್ಕಳು ಆಗ ಅವ್ವನ ಸೊಂಟದ ಮೇಲಿದ್ದವು. ಮಕ್ಕಳಿಗೆ ಇಂಥದ್ದೆಲ್ಲ ಬೇಡ, ಅವು ಮುಗ್ಧ ಎನ್ನುವವರು ಯಾವ ಮಕ್ಕಳ ಮಾತಾಡುತ್ತಿದ್ದಾರೆ? ಲೋಟ ಬೇರೆ ಇಟ್ಟಾಗಲೇ ಕೇರಿಯ ಮಗುವಿನ ಮುಗ್ಧತೆ ಮುಗಿದಿರುತ್ತೆ. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ತನ್ನ ಜನರ ದುಃಖದ ಬಗ್ಗೆ ಬರೆದ ಪ್ರಬಂಧ 1855ರಲ್ಲೇ ಅಚ್ಚಾಯಿತು. ಅವಳಿಗೆ ಯಾರೂ ಮುಗ್ಧಳಾಗಿರು ಎಂದು ಬುದ್ಧಿ ಹೇಳಿರಲಿಲ್ಲ.

6

ಕೊನೆಗೆ ನಮ್ಮವರ ಕಡೆ ಒಂದು ಮಾತು. ದಲಿತ ಚಳವಳಿ, ಬಂಡಾಯ ಚಳವಳಿ ಕನ್ನಡಕ್ಕೆ ಹಾಡು ಕೊಟ್ಟವು, ಕತೆ ಕೊಟ್ಟವು, ಬೀದಿನಾಟಕಕ್ಕೆ ಕಸುವು ಕೊಟ್ಟವು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯೆ ಕನ್ನಡದ ಬೀದಿಗಳಲ್ಲಿ ನಾಟಕವಾಯಿತು. 1979ರಲ್ಲಿ ಸಮುದಾಯದ ಜಾಥಾ ಊರೂರು ತಿರುಗಿತು, ಬಂಡಾಯ ಸಾಹಿತ್ಯ ಸಂಘಟನೆಯೂ ಅದೇ ವರ್ಷ ಹುಟ್ಟಿತು. ಬೀದಿನಾಟಕದ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿರುತ್ತಿದ್ದವರು ಯಾರು? ಮಕ್ಕಳು. ಆ ಸಾಲಿಗಾಗಿ ನಮ್ಮ ಲೇಖಕರು ಬರೆದದ್ದು ತೀರಾ ಕಡಿಮೆ. ಮಕ್ಕಳ ಸಾಹಿತ್ಯವನ್ನು ಪಂಚತಂತ್ರಕ್ಕೂ ಪುರಾಣಕ್ಕೂ ಬಿಟ್ಟುಕೊಟ್ಟು, ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಅವರ ತಲೆಯೊಳಗಿನ ಪುರಾಣದ ಜೊತೆ ಗುದ್ದಾಡುತ್ತೇವೆ.

‘ಮಕ್ಕಳಿಗೆ ನಾಟಕ ಕಲಿಸುವುದು ಸುಧಾರಣಾವಾದಿಗಳ ಕೆಲಸ, ಭೂಮಿ ಕೂಲಿಯ ಹೋರಾಟ ಬಿಟ್ಟು ಇದೇನು’ ಎಂದು ಕೇಳುವ ಗೆಳೆಯರಿದ್ದಾರೆ. ಕೂಲಿಯ ಹೋರಾಟ ಬಿಡುವ ಮಾತು ಯಾರೂ ಆಡುತ್ತಿಲ್ಲ. ‘ನಾಳೆ ಬಾ’ ಎಂಬ ಮಾತನ್ನು ಏಳು ಥರ ಆಡಿ ನಕ್ಕ ಹುಡುಗ, ನಾಳೆ ಆ ಮಾತನ್ನು ನಿಜವಾಗಿ ಕೇಳಿಸಿಕೊಂಡಾಗ ತಲೆ ತಗ್ಗಿಸಿ ವಾಪಸ್ ಬರುವುದು ಕಷ್ಟ. ಹೋರಾಟಕ್ಕೆ ಇದಕ್ಕಿಂತ ಬೇರೆ ತಾಲೀಮು ಯಾವುದಿದೆ?

ಆದ್ದರಿಂದ ಮೂರು ಕೆಲಸ. ಹಳ್ಳಿಯ ಶಾಲೆಯ ಮೇಷ್ಟ್ರುಗಳೇ, ಮೇಡಮ್ಮುಗಳೇ, ರಜೆಗೆ ಹೋಗುವ ಮುಂಚೆ ಬೀಗದ ಕೈಯನ್ನು ಊರಿನಲ್ಲೇ ನಂಬುವವರ ಕೈಗೆ ಕೊಟ್ಟು ಹೋಗಿ. ಕಾಲೇಜಿನ ಗೆಳೆಯ ಗೆಳತಿಯರೇ, ಪಟ್ಟಣದ ಶಿಬಿರಗಳಲ್ಲಿ ಕಲಿತ ಆಟ, ಹಾಡುಗಳನ್ನು ಹತ್ತು ದಿನದ ಮಟ್ಟಿಗೆ ನಿಮ್ಮ ಊರಿಗೆ, ನಿಮ್ಮ ಕೇರಿಗೆ ಹೊತ್ತು ತನ್ನಿ. ಬರೆಯುವವರೇ, ಮಕ್ಕಳು ಹಂಚಿಕೊಂಡು ಆಡಬಹುದಾದ ಹತ್ತು ನಿಮಿಷದ ಒಂದು ದೃಶ್ಯ ಬರೆದು ಈ ಪತ್ರಿಕೆಗೆ ಕಳಿಸಿ. ಕುಂಟ ಹುಡುಗನ ಕತೆ, ಪಂಜರ ಗುಡಿಸುವವಳ ಕತೆ, ಮಸೂರು ಸ್ಟೇಶನ್ನಿನ ಕತೆ, ನಿಮ್ಮ ಅವ್ವನ ಕತೆ. ಪಾರ್ಟು ಹಂಚುವ ಕೆಲಸವನ್ನು ಮಾತ್ರ ಮಕ್ಕಳಿಗೇ ಬಿಡಿ.